ನಿಂತಾಗ ನಡುಗುವ ಕಾರು

"ಯಜಮಾನ್ರು ಇಲ್ವಾ?"

ಅವಳ ಕಿವಿಗೆ ಬಿದ್ದ ಅವನ ಮೊದಲ ಮಾತೇ ಅದು.

ವ್ಯಾನಿನ ಅಡಿಯಿಂದ ತೆವಳಿಕೊಂಡು ಹೊರಬಂದು ನೋಡಿದರೆ, ಗ್ಯಾರೇಜಿನ ಬಾಗಿಲಲ್ಲಿ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಪುಟ್ಟ ಕಾರು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಪಕ್ಕದಲ್ಲಿ ಡ್ರೈವಿಂಗ್ ಮೇಷ್ಟ್ರು. ಮಡಿಕೆ ಕೆಡದ ಶರ್ಟು, ಕಂಗೆಟ್ಟ ಮುಖ.

"ಮಾವ ಸಾಮಾನು ತರೋಕೆ ಹೋಗಿದ್ದಾರೆ. ಏನಾಗಿದೆ ಹೇಳಿ."

"ಪರವಾಗಿಲ್ಲ, ಅವರು ಬರೋವರೆಗೂ ಕಾಯ್ತೀನಿ."

ಅವಳಿಗೆ ಚುರುಕ್ ಎಂದಿತು. ಸೋದರಮಾವನ ಈ ಗ್ಯಾರೇಜಿನಲ್ಲಿ ಎಂಜಿನ್ ಕೆಲಸವೆಲ್ಲ ಅವಳದೇ. ಹೆಂಗಸು ಅಂತ ತಾನೇ ಈ ತಾತ್ಸಾರ... ಇರಲಿ.

"ಕಾಯಿರಿ. ಆದ್ರೆ ಕಾರಿಗೆ ಕಾಯೋಕೆ ಆಗಲ್ಲ ಅನ್ಸುತ್ತೆ, ನೋಡಿ ಹೇಗೆ ಒದ್ದಾಡ್ತಿದೆ."

ಅವನಿಗೆ ನಗು ತಡೆಯಲಾಗಲಿಲ್ಲ. "ಓಡುವಾಗ ಸರಿಯಾಗೇ ಇರುತ್ತೆ. ಸಿಗ್ನಲ್ಲಲ್ಲಿ ನಿಂತ್ರೆ ಹೀಗೆ. ಕಲಿಯೋರು ಹೆದರಿ ಸ್ಟೀರಿಂಗೇ ಬಿಟ್ಟುಬಿಡ್ತಾರೆ. ಬೇರೆ ಗ್ಯಾರೇಜಲ್ಲಿ ಪ್ಲಗ್ ಎಲ್ಲಾ ಬದಲಾಯಿಸಿದ್ರು, ಏನೂ ಪ್ರಯೋಜನ ಆಗಲಿಲ್ಲ."

ಅವಳು ಬಾನೆಟ್ ಎತ್ತಿದಳು. ಎಂಜಿನ್ ಓಡುತ್ತಿರುವಾಗಲೇ ಸಿಲಿಂಡರುಗಳಿಗೆ ಕಿಡಿ ಕೊಡುವ ಕಾಯಿಲ್‌ಗಳ ವೈರನ್ನು ಒಂದೊಂದಾಗಿ ಬಿಡಿಸಿ ಮತ್ತೆ ಸಿಕ್ಕಿಸುತ್ತಾ ಹೋದಳು. ಮೊದಲನೆಯದನ್ನು ಬಿಡಿಸಿದಾಗ ಎಂಜಿನ್ ಇನ್ನಷ್ಟು ಮುಗ್ಗರಿಸಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಮಾತ್ರ ಏನೂ ಬದಲಾಗಲಿಲ್ಲ.

"ಹಾಗಂದ್ರೆ?" ಅವನು ಬಗ್ಗಿ ಕೇಳಿದ.

"ಮೂರನೇದು ಕೆಲಸಾನೇ ಮಾಡ್ತಿಲ್ಲ. ಇತ್ತು, ಹೋಯ್ತು, ಎರಡೂ ಒಂದೇ ಅದಕ್ಕೆ."

ಎಂಜಿನ್ ಆರಿಸಿ, ಆ ಕಾಯಿಲನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿ ಮತ್ತೆ ಚಾಲೂ ಮಾಡಿದಳು. ತೊಂದರೆ ಮೂರನೆಯದರಲ್ಲೇ ಉಳಿಯಿತು. ಕಾಯಿಲ್ ಸರಿಯಿದೆ, ಪ್ಲಗ್ ಹೊಸದು. ಹಾಗಾದರೆ ಗಾಳಿ. ಮೂರನೆಯದಕ್ಕೆ ಗಾಳಿ ಹೋಗುವ ಕೊಳವೆಯ ಹಿಂದೆ ಅವಳು ಕ್ಲೀನರ್ ಸ್ಪ್ರೇಯನ್ನು ಚೂರೇ ಚೂರು ಹೊಡೆದಳು. ತಕ್ಷಣ ಎಂಜಿನ್ನಿನ ದನಿ ಬದಲಾಯಿತು.

"ಸಿಕ್ತು. ಕೈ ಇಲ್ಲಿ ತನ್ನಿ."

ಅವನ ಬೆರಳನ್ನು ಹಿಡಿದು ಒಂದು ಸಣ್ಣ ರಬ್ಬರ್ ಪೈಪಿನ ತಳಕ್ಕೆ ಒತ್ತಿದಳು. ಅಲ್ಲಿ ಸೀಳು ಬಿಟ್ಟಿತ್ತು. ಬೆರಳು ಸೀಳನ್ನು ಮುಚ್ಚಿದ್ದೇ ತಡ, ನಡುಕ ಇಳಿಯಿತು.

"ಬೇಡದ ಗಾಳಿ ಎಳ್ಕೊಳ್ತಿತ್ತು. ನಿಂತಾಗ ಎಂಜಿನ್ ಎಳ್ಕೊಳ್ಳೋ ಗಾಳೀನೇ ಕಮ್ಮಿ, ಅದಕ್ಕೆ ಇಷ್ಟು ಸೀಳಿದ್ರೂ ಏರುಪೇರಾಗುತ್ತೆ."

ಅವನು ಎಂಜಿನ್ ಕಡೆ ನೋಡುತ್ತಿರಲಿಲ್ಲ. ತಾನಿನ್ನೂ ಅವನ ಬೆರಳು ಹಿಡಿದೇ ಇದ್ದೇನೆಂದು ಅವಳಿಗೆ ಆಗ ಹೊಳೆಯಿತು. ಸರಕ್ಕನೆ ಬಿಟ್ಟಳು.

ಹೊಸ ಪೈಪು ಹಾಕಿ, ಕ್ಲಿಪ್ಪು ಬಿಗಿದ ಮೇಲೆ ಕಾರು ಮಲಗಿದ ಮಗುವಿನಂತೆ ಉಸಿರಾಡತೊಡಗಿತು.

"ಒಂದು ಸುತ್ತು ಹೋಗಿಬರೋಣ ಬನ್ನಿ. ನೀವೇ ಓಡಿಸಿ," ಎಂದ ಅವನು.

ಅವಳ ಮುಖ ಬಾಡಿತು. "ನನಗೆ ಪುರುಸೊತ್ತಿಲ್ಲ. ಮಾವ ಬಂದಮೇಲೆ ಅವರ ಜೊತೆ ಹೋಗಿ."

"ಓ... ಸರಿ."

ಸಲಿಗೆ ಅತಿಯಾಯಿತೇನೋ ಎಂದುಕೊಂಡ ಅವನು. ನನ್ನ ಕೆಲಸದ ಮೇಲೆ ನಂಬಿಕೆಯಿಲ್ಲದೆ ಪರೀಕ್ಷೆ ಮಾಡಲು ಕರೆದ ಎಂದುಕೊಂಡಳು ಅವಳು. ಅವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ದಿನಗಳು ಕಳೆದವು. ಗ್ಯಾರೇಜಿನ ಮುಂದೆ ಪುಟ್ಟ ಕಾರು ಸುಳಿದರೆ ಸಾಕು, ಅವಳ ಕತ್ತು ತಾನಾಗಿ ತಿರುಗುತ್ತಿತ್ತು.

"ಹನ್ನೆರಡರ ಸ್ಪ್ಯಾನರ್ ಕೇಳಿದ್ರೆ ಹದಿನಾಲ್ಕರದ್ದು ಕೊಡ್ತೀಯಲ್ಲೇ," ಎಂದರು ಮಾವ ಒಂದು ದಿನ. "ನಿನ್ನೆ ಮೇಷ್ಟ್ರು ಸಿಕ್ಕಿದ್ದ. ಆಯಿಲ್ ಬೇರೆ ಕಡೆ ಹಾಕಿಸಿದನಂತೆ. ಯಾಕಪ್ಪಾ ಅಂದ್ರೆ, ನಿಮ್ಮ ಸೊಸೆಗೆ ನನ್ನ ಕಂಡ್ರೆ ಆಗಲ್ಲ ಅಂದ. ಕಾರಿನ ಕಾಯಿಲೆ ಕಂಡುಹಿಡೀತೀಯ, ನಿನ್ನದನ್ನ ನೀನೇ ಮುಚ್ಚಿಟ್ಕೋತೀಯ."

ಅವಳು ಕೈಯ ಗ್ರೀಸ್ ಒರೆಸಿಕೊಂಡು ಹೊರಟೇಬಿಟ್ಟಳು.

ಡ್ರೈವಿಂಗ್ ಸ್ಕೂಲಿನ ಮೈದಾನದಲ್ಲಿ ಅವನು ವಯಸ್ಸಾದ ಹೆಂಗಸೊಬ್ಬರಿಗೆ ರಿವರ್ಸ್ ಹೇಳಿಕೊಡುತ್ತಿದ್ದ. ಅವರು ಕಂಬಕ್ಕೇ ಗುರಿಯಿಟ್ಟಂತೆ ಬರುತ್ತಿದ್ದರೂ ಅವನ ದನಿ ಏರಿರಲಿಲ್ಲ. "ನಿಧಾನ ಅಮ್ಮಾ, ಕಂಬ ಎಲ್ಲೂ ಹೋಗಲ್ಲ."

ಅವಳನ್ನು ಕಂಡು ಇಳಿದು ಬಂದ. "ಮತ್ತೇನಾದ್ರೂ ತಪ್ಪು ಮಾಡಿದ್ನಾ?"

"ನನಗೆ ಕಾರು ಓಡಿಸೋಕೆ ಭಯ," ಎಂದುಬಿಟ್ಟಳು ಅವಳು.

ಅವನು ಇನ್ನೊಂದು ಹೆಜ್ಜೆ ಹತ್ತಿರ ಬಂದ.

"ಲೈಸೆನ್ಸ್ ಬಂದ ಹೊಸದರಲ್ಲಿ ಅಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು ಗೋಡೆಗೆ ಗುದ್ದಿದೆ. ಅಮ್ಮನ ಕೈ ಮುರೀತು. ಅಮ್ಮ ಒಂದು ಮಾತೂ ಬಯ್ಯಲಿಲ್ಲ. ಮೂಳೆ ಕೂಡ್ತು... ನನ್ನ ಧೈರ್ಯ ಕೂಡಲಿಲ್ಲ. ರಿಪೇರಿ ನಾನು ಮಾಡ್ತೀನಿ, ರಸ್ತೆಗೆ ಮಾವ ತಗೊಂಡು ಹೋಗ್ತಾರೆ. ಅವತ್ತು ಅದನ್ನ ಹೇಳೋಕೆ ನಾಚಿಕೆ ಆಯ್ತು. ನನ್ನ ಕೆಲಸ ಪರೀಕ್ಷೆ ಮಾಡೋಕೆ ಕರೀತಿದ್ದೀರಿ ಅಂತಲೂ ಅನ್ನಿಸ್ತು. ನಿಮ್ಮನ್ನ ಕಂಡ್ರೆ ಆಗಲ್ಲ ಅಂತಲ್ಲ."

"ಮತ್ತೆ?"

ಅವಳು ಉಗುರಿನ ಸಂದಿಯ ಗ್ರೀಸ್ ಕೆರೆಯತೊಡಗಿದಳು.

"ಅವತ್ತು ನಾನು ಕರೆದದ್ದೂ ಕಾರು ಪರೀಕ್ಷೆ ಮಾಡೋಕಲ್ಲ," ಎಂದ ಅವನು ಮೆಲ್ಲಗೆ. "ನಿಮ್ಮ ಜೊತೆ ಇನ್ನೂ ಸ್ವಲ್ಪ ಹೊತ್ತು ಇರಬೇಕು ಅನ್ನಿಸ್ತು."

ಎದೆಯ ಭಾರವೆಲ್ಲ ಒಂದೇ ಸಲಕ್ಕೆ ಕೆಳಗಿಳಿದ ಹಾಗಾಯಿತು ಅವಳಿಗೆ.

ಕಾರಿನಿಂದ ಆ ಹೆಂಗಸು ಇಳಿದರು. "ನನ್ನ ಪಾಠ ಇವತ್ತಿಗೆ ಸಾಕಪ್ಪ. ಆ ಹುಡುಗಿಯನ್ನ ಕೂರಿಸು, ಬಿಸಿಲಲ್ಲಿ ನಿಂತಿದ್ದಾಳೆ."

ಅವಳು ಸ್ಟೀರಿಂಗ್ ಮುಂದೆ ಕೂತಳು. ಅವನು ಪಕ್ಕದಲ್ಲಿ ಕೂತು, ತನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟ. "ನಾನಿದ್ದೀನಿ. ನಿಮಗೆ ಬೇಕಾದಾಗ ಹೊರಡಿ."

ತುಂಬಾ ಹೊತ್ತು ಕಾರು ಹಾಗೆಯೇ ನಿಂತಿತ್ತು. ಅವನು ಅವಸರಪಡಿಸಲಿಲ್ಲ. ಕೊನೆಗೆ ಅವಳು ಮೊದಲ ಗೇರ್ ಹಾಕಿ, ಕ್ಲಚ್ ಮೆಲ್ಲಗೆ ಬಿಟ್ಟಳು. ಕಾರು ಹೊರಟಿತು. ಮೈದಾನದ ಆ ತುದಿ ಮುಟ್ಟಿ, ತಿರುಗಿ, ಮತ್ತೆ ಈ ತುದಿಗೆ ಬಂದು ನಿಂತಾಗ ಅವಳ ಕಣ್ಣು ತುಂಬಿತ್ತು.

"ನನ್ನನ್ನ ಮದುವೆ ಆಗ್ತೀರಾ?" ಅವನು ಕೇಳಿದ.

"ಮದುವೆ ಆಗೋಳನ್ನ ಯಾರಾದ್ರೂ 'ನೀವು' ಅಂತಾರಾ?"

"ಸರಿ... ನನ್ನನ್ನ ಮದುವೆ ಆಗ್ತೀಯಾ? ಆದ್ರೆ ನೀನೂ ನನ್ನನ್ನ 'ನೀನು' ಅಂತಾನೇ ಕರೀಬೇಕು."

"ಆಗ್ತೀನಿ. ಹಾಗೆ ಕರೆಯೋಕೆ ಮಾತ್ರ ಸ್ವಲ್ಪ ಸಮಯ ಕೊಡಿ," ಎಂದವಳು, ತುಟಿ ಕಚ್ಚಿ, ಅವನತ್ತ ತಿರುಗಿ ಮೆಲ್ಲಗೆ ತಿದ್ದಿಕೊಂಡಳು.

"ಕೊಡು."