ನಾಲ್ಕನೇ ಡಬ್ಬ

ಪ್ಲೈವುಡ್ ಬೋಗಿಯ ಬಾಗಿಲು ತೆಗೆದಾಗ ರಾಘವ ಮೂರು ತಗಡಿನ ಡಬ್ಬಗಳ ಬುಡದಲ್ಲಿ ಬಿದ್ದಿದ್ದ. ಉಸಿರಿರಲಿಲ್ಲ. ವಯಸ್ಸು ಮೂವತ್ತೆರಡು. ದಫೇದಾರನಾದ ನಾನು ಹೆಣದ ವಿವರ ಬರೆದುಕೊಳ್ಳತೊಡಗಿದೆ.

2001ರ ಮಾತು. ಚಾಮರಾಜಪೇಟೆಯಲ್ಲಿ ಮನೋಹರ್ ಎಂಬವರ ಶೆಡ್ಡು, ರಾಘವ ಅವರ ಕೈಕೆಳಗಿನ ಎಂಜಿನಿಯರ್. ಕಿಟಕಿ ತೆರೆಯದ ಹೊಸ ರೈಲು ಬೋಗಿಯಲ್ಲಿ ಗಾಳಿ ಹೇಗೆ ಸುತ್ತುತ್ತದೆ, ಯಾವ ಸೀಟಿನವನಿಗೆ ಸೆಕೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವುದು ಅವರ ಕಸುಬು. ಲೆಕ್ಕ ನಿಜವೇ ಎಂದು ನೋಡಲು ಈ ಪ್ಲೈವುಡ್ ಬೋಗಿ. ಪ್ರಯಾಣಿಕರ ಬದಲು ಡಬ್ಬಗಳು. ಮೈಬಿಸಿಗೆ ಒಂದೊಂದರಲ್ಲೂ ನೂರು ವ್ಯಾಟಿನ ಬಲ್ಬು, ಬಿಟ್ಟ ಉಸಿರಿಗೆ ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್. ತಗಡಿನ ಜನ.

ಬೋಗಿಯ ಹೊರಗಿದ್ದ ಸಿಲಿಂಡರಿನ ತಿರುಪು ಪೂರ್ತಿ ತೆರೆದಿತ್ತು. ಹೊರಗಾಳಿಯ ಕಿಂಡಿ ಮುಚ್ಚಿತ್ತು.

"ಒಂಬತ್ತಕ್ಕೆ ಬಂದೆ, ನೋಡಿದ್ರೆ ಹೀಗೆ" ಎಂದರು ಮನೋಹರ್. "ನಿನ್ನೆ ಸಂಜೆ ಅವನೇ ಎಲ್ಲಾ ಜೋಡಿಸಿ, ಬಲ್ಬ್ ಹಾಕಿ ಹೋಗಿದ್ದ. ಬೆಳಿಗ್ಗೆ ಗ್ಯಾಸ್ ಬಿಟ್ಟು, ಕಿಂಡಿ ತೆಗೆಯೋದು ಮರೆತು ಒಳಗೆ ಹೋಗಿದಾನೆ. ಅವನದೇ ತಪ್ಪು ಮೇಡಂ. ಪಾಪ."

ಎಸ್‌ಐ ಶಿವಕುಮಾರಿ ಮೇಡಂ ತಿರುಪು, ಕಿಂಡಿ ಎರಡನ್ನೂ ಮತ್ತೊಮ್ಮೆ ನೋಡಿದರು. ನಾನಂತೂ 'ಆಕಸ್ಮಿಕ' ಎಂದು ಬರೆದೇಬಿಟ್ಟಿದ್ದೆ.

* * *

ಹನುಮಂತನಗರದಿಂದ ರಾಘವನ ಹೆಂಡತಿ ಧೃತಿ ಆಟೋದಲ್ಲಿ ಬಂದಳು. ಅಳಲಿಲ್ಲ. ನೇರ ಮೇಡಂ ಹತ್ತಿರ ಹೋದಳು.

"ಇವರ ತಪ್ಪು ಅಂತ ಬರೀಬೇಡಿ ಮೇಡಂ. ಬರೆದ್ರೆ ಇವರ ರಿಪೋರ್ಟೂ ಯಾರೂ ನಂಬಲ್ಲ. ಒಳಗಿನ ಸೀಟಿನವರಿಗೆ ಗಾಳಿ ಸಾಲಲ್ಲ, ಈ ಬೋಗಿ ಓಡಿಸ್ಬಾರ್ದು ಅಂತಿದ್ರು."

"ಮನೆ ಬಿಟ್ಟಿದ್ದು ಎಷ್ಟೊತ್ತಿಗೆ?"

"ಎಂಟೂಕಾಲಿಗೆ. ಕಾಫಿ ಕುಡಿದು…" ಬೋಗಿಯೊಳಗೆ ನೋಡಿದವಳು ಮಾತು ನಿಲ್ಲಿಸಿದಳು. "ಇದೇನು, ಸೀಟಿಗೆ ಮೂರೇ ಡಬ್ಬ?"

"ಮೂರು ಜನದ ಸೀಟಲ್ವೇನಮ್ಮ?" ಎಂದರು ಮನೋಹರ್.

"ಇವರು ನಾಲ್ಕು ಇಡ್ತಿದ್ರು. ಮದುವೆಗೆ ಮುಂಚೆ ದಿನಾ ಮಂಡ್ಯದಿಂದ ಪ್ಯಾಸೆಂಜರ್‌ನಲ್ಲಿ ಬರ್ತಿದ್ರು. ಸ್ವಲ್ಪ ಅಡ್ಜಸ್ಟ್ ಮಾಡಿ ಅಂತ ತುದೀಲಿ ಕೂರೋ ನಾಲ್ಕನೆಯವರು ಇವರೇ."

ಮೇಡಂ ನನ್ನ ಕಡೆ ತಿರುಗಿದರು. "ಸಿದ್ದಬಸಪ್ಪ, ಶೆಡ್ಡೆಲ್ಲಾ ಹುಡುಕಿ."

ಹಿಂದುಗಡೆ ಟಾರ್ಪಾಲಿನ ಕೆಳಗೆ ಎಂಟು ಡಬ್ಬ ಸಿಕ್ಕವು, ಬೋಗಿಯ ಎಂಟು ಸೀಟಿಗೆ ಒಂದೊಂದು. ನನಗೆ ನನ್ನ ಮೇಲೇ ಸಿಟ್ಟು ಬಂತು. ಇಪ್ಪತ್ತು ವರ್ಷ ಜನರಲ್ ಬೋಗಿಯಲ್ಲಿ ಒದ್ದಾಡಿದವನು ನಾನು. ಮೂರೇ ಜನ ಕೂತ ಸೀಟನ್ನು ಎಲ್ಲಿ ಕಂಡಿದ್ದೆ?

* * *

ಬೋಗಿಯ ಬಿಸಿಯನ್ನು ಒಂದು ಯಂತ್ರ ಗಂಟೆ ಗುರುತಿದ್ದ ಕಾಗದದ ಸುರುಳಿಯ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಮೇಡಂ ಅದನ್ನು ಮೇಜಿನ ಮೇಲೆ ಹರಡಿದರು.

"ರಾತ್ರಿಯೆಲ್ಲಾ ಗೆರೆ ನೆಟ್ಟಗಿದೆ. ಏಳು ಇಪ್ಪತ್ತಕ್ಕೆ ಇಳಿಯೋಕೆ ಶುರು. ಆಗ್ಲೇ ಯಾರೋ ಬಲ್ಬ್ ಸಮೇತ ಎಂಟು ಡಬ್ಬ ಎತ್ತಿದಾರೆ. ರಾಘವ ಅವಾಗ ಮನೇಲಿದ್ರು. ಶೆಡ್ಡಿನ ಬೀಗದ ಕೀ ಇರೋದು ನಿಮ್ಮಿಬ್ಬರ ಹತ್ರ. ಒಂಬತ್ತಕ್ಕೆ ಬಂದೆ ಅಂದ್ರಲ್ಲ, ಮನೋಹರ್?"

ಮನೋಹರ್ ಕುರ್ಚಿ ಎಳೆದು ಕೂತರು.

"ನಾಳೆ ಬೋಗಿ ಮಾಡೋ ಕಂಪನಿಯವರು ನೋಡೋಕೆ ಬರ್ತಿದ್ರು. ಮೂರಿಟ್ರೆ ಪಾಸು, ನಾಲ್ಕಿಟ್ರೆ ಫೇಲು. ಇವನು ಒಪ್ಪಲಿಲ್ಲ. ಅದಕ್ಕೇ ಬೇಗ ಬಂದು ತೆಗೆದಿಟ್ಟೆ. ಇವನು ಬಂದವನೇ ಡಬ್ಬ ಎಲ್ಲಿ, ಕಂಪನಿಯವರಿಗೆ ಹೇಳ್ತೀನಿ ಅಂತ ಒಳಗೆ ನುಗ್ಗಿದ. ಕಿಂಡಿ ಮುಚ್ಚಿ, ಗ್ಯಾಸ್ ಬಿಟ್ಟು, ಬಾಗಿಲು ಒತ್ತಿ ಹಿಡ್ಕೊಂಡೆ."

"ಎಷ್ಟೊತ್ತು?"

"ಬಡಿಯೋದು ನಿಲ್ಲೋವರೆಗೂ."

'ಆಕಸ್ಮಿಕ' ಎಂದು ಬರೆದ ಹಾಳೆಯನ್ನು ಹರಿದು ಹಾಕಿದೆ.

ಮಹಜರು ಮುಗಿದ ಮೇಲೆ ಧೃತಿ ಮೇಡಂ ಅವರನ್ನು ಕೇಳಿ ಒಂದು ಡಬ್ಬ ಎತ್ತಿಕೊಂಡಳು. ಬೋಗಿಯ ಸೀಟಿನ ಮೂರು ಡಬ್ಬಗಳನ್ನು ಒತ್ತಿ ಸರಿಸಿ, ತುದಿಯಲ್ಲಿ ಅದನ್ನು ಕೂರಿಸಿ ಬಲ್ಬು ಹಾಕಿ ಬಾಗಿಲು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಯಂತ್ರದ ಗೆರೆ ಮೇಲಕ್ಕೆ ಏರತೊಡಗಿತು.

"ಇದನ್ನೂ ಬರ್ಕೊಳ್ಳಿ" ಎಂದಳು.

ಬರೆದುಕೊಂಡೆ.