ಅವಳು ಅಳೆಯದ ಅಂಚು

"ನಿಮ್ಮ ವಿಮಾನ ಕಾಣಿಸ್ತಿದೆ ಮೇಡಂ!"

ಪರೀಕ್ಷಾ ಕೊಠಡಿಯಲ್ಲಿದ್ದ ಹನ್ನೆರಡು ಜನರೂ ತಿರುಗಿ ಅವಳನ್ನೇ ನೋಡಿದರು. ಅವಳ ಕಿವಿಗಳು ಕೆಂಪಾದವು.

ರೇಡಾರ್ ಕಣ್ಣಿಗೆ ಬೀಳಬಾರದು ಎಂದೇ ಕಟ್ಟುತ್ತಿದ್ದ ಯುದ್ಧವಿಮಾನವದು. ಅದರ ಮೈಗೆ ರೇಡಾರ್ ಅಲೆಗಳನ್ನು ಹೀರಿಕೊಳ್ಳುವ ಲೇಪನ ಬಳಿಯುವ ತಂಡಕ್ಕೆ ಅವಳೇ ಮುಖ್ಯಸ್ಥೆ. ಎಲ್ಲರ ಬಾಯಲ್ಲಿ 'ಬಣ್ಣದ ಮೇಡಂ'. ಅವಳ ಕೆಲಸದಲ್ಲಿ ತಪ್ಪು ಹುಡುಕಲು ಇವನಾರು? ಮೊನ್ನೆ ಮೊನ್ನೆ ಬಂದ ಅಳತೆಯ ಇಂಜಿನಿಯರ್!

"ಸಾಧ್ಯವೇ ಇಲ್ಲ!" ಅಂದಳು. "ನಿಮ್ಮ ರೇಡಾರ್ ಯಂತ್ರಕ್ಕೇ ಕನ್ನಡಕ ಬೇಕೇನೋ, ನೋಡ್ಕೊಳ್ಳಿ."

ಅವನು ನಗಲಿಲ್ಲ. ಏಣಿ ಹತ್ತಿ ರೆಕ್ಕೆಯ ಬುಡದಲ್ಲಿ ಬೆರಳಿಟ್ಟು ತೋರಿಸಿದ. ಲೇಪನ ತಾಗದ ಒಂದೇ ಒಂದು ಸ್ಕ್ರೂ. ಅಂಗಿಯ ಗುಂಡಿಗಿಂತ ಚಿಕ್ಕದು.

"ಇದೊಂದೇ. ಉಳಿದದ್ದೆಲ್ಲ ಚೆನ್ನಾಗಿದೆ... ತುಂಬಾನೇ ಚೆನ್ನಾಗಿದೆ" ಅಂದ ಮೆಲ್ಲಗೆ.

'ಇದು ಬೈಗುಳವಾ, ಹೊಗಳಿಕೆಯಾ?' ಅವಳಿಗೆ ತಿಳಿಯಲಿಲ್ಲ. ಆದರೆ ಆ ಸಂಜೆ ಮನೆಗೆ ಹೋಗುವಾಗ ಯಾಕೋ ಸುಮ್ಮಸುಮ್ಮನೆ ನಗು ಬಂತು.

ಅಲ್ಲಿಂದ ಮೂರು ವರ್ಷ.

ಅಳತೆಗೆ ಕೂದಲೆಳೆಯಷ್ಟೂ ಸೇರಿಸದ, ಕಳೆಯದ ಅವನಿಗೆ ಎಲ್ಲರೂ 'ತಕ್ಕಡಿ' ಎಂದು ಹೆಸರಿಟ್ಟರು. ತಕ್ಕಡಿ ಅವಳ ಜೊತೆ ಊಟಕ್ಕೆ ಕೂರತೊಡಗಿದ. 'ನೀವು' ಹೋಗಿ 'ನೀನು' ಬಂತು.

ಒಮ್ಮೆ ಊಟದ ಹೊತ್ತಿಗೆ ಫೋನ್ ಮಾಡಿದ ಅವಳ ತಂಗಿ ಸ್ಪೀಕರಿನಲ್ಲಿ ಅವನನ್ನೇ ಕೇಳಿದಳು. "ಅಷ್ಟು ದೊಡ್ಡ ವಿಮಾನ ಹೇಗೆ ಕಣ್ಮರೆ ಆಗುತ್ತೆ ಭಾವ?"

'ಭಾವ' ಅಂದುಬಿಟ್ಟಳಲ್ಲ! ಇಬ್ಬರ ಮುಖವೂ ಕೆಂಪಾಯಿತು. ಅವನು ಕೆಮ್ಮಿ ಸಾವರಿಸಿಕೊಂಡ.

"ಕಣ್ಮರೆ ಆಗಲ್ಲಮ್ಮ. ಮೈಯನ್ನೆಲ್ಲ ಓರೆಓರೆಯಾಗಿ ಕಟ್ತೀವಿ, ರೇಡಾರ್ ಅಲೆ ಬಂದ ದಾರಿಗೆ ವಾಪಸ್ ಹೋಗದೆ ಬೇರೆ ಕಡೆ ಚದುರುತ್ತೆ. ಕ್ಷಿಪಣಿಗಳೆಲ್ಲ ಹೊಟ್ಟೆಯೊಳಗೇ ಇರ್ತವೆ. ಗಾಳಿ ಎಳೆದುಕೊಳ್ಳೋ ಕೊಳವೆನೂ ಬಳುಕಿಸಿರ್ತೀವಿ, ಇಂಜಿನ್ ಮುಖ ಹೊರಗೆ ಕಾಣಬಾರದು ಅಂತ. ಇಷ್ಟೆಲ್ಲ ಆದಮೇಲೂ ಉಳಿದ ಅಲೆಯನ್ನ ನಿಮ್ಮ ಅಕ್ಕನ ಬಣ್ಣ ನುಂಗುತ್ತೆ. ಅಕ್ಕ ಇಲ್ದಿದ್ರೆ ನಮ್ಮದು ಬರೀ ತಗಡು!"

ಆ ಮಾತನ್ನು ಅವಳು ವಾರಗಟ್ಟಲೆ ಮನಸ್ಸಿನಲ್ಲಿ ಚಪ್ಪರಿಸಿದಳು. ಆದರೂ ಪ್ರೀತಿಯ ಮಾತು ಇಬ್ಬರ ತುಟಿಗೂ ಬರಲಿಲ್ಲ. 'ಮೊದಲ ಹಾರಾಟ ಮುಗೀಲಿ' ಎಂದುಕೊಂಡಳು ಅವಳು.

ಆಮೇಲೆ ಆ ಮಂಗಳವಾರ ಬಂತು.

ವಿಮಾನದ ಹೊಟ್ಟೆಯಡಿ, ಕ್ಷಿಪಣಿಗಳು ಹೊರಬರುವ ಎರಡು ಬಾಗಿಲು. ಅವುಗಳ ಅಂಚು ಗರಗಸದ ಹಲ್ಲಿನಂತೆ. ಪ್ರತಿ ಹಲ್ಲಿನ ಮೇಲೂ ಲೇಪನದ ದಪ್ಪ ಅಳೆದು ಬರೆಯಬೇಕು. ಬಲಬಾಗಿಲು ಮುಗಿಸಿದಳು. ಎಡಬಾಗಿಲಿನ ಕೊನೆಯ ಅಂಚಿಗೆ ಬರುವಷ್ಟರಲ್ಲಿ ಅಳೆಯುವ ಯಂತ್ರದ ಬ್ಯಾಟರಿ ಸತ್ತಿತು. ಬೇರೆ ಬ್ಯಾಟರಿಗೆ ಎರಡು ಮಹಡಿ ಹತ್ತಬೇಕು.

'ನನ್ನ ಕೈ ನನಗೆ ಗೊತ್ತಿಲ್ವಾ?'

ಬಲಬಾಗಿಲಿನ ಅಂಕಿಗಳನ್ನೇ ಎಡದ ಆ ಅಂಚಿಗೂ ಬರೆದು ಸಹಿ ಹಾಕಿದಳು.

ಎರಡು ದಿನಕ್ಕೆ ಪರೀಕ್ಷೆ. ಪರದೆಯ ಮೇಲೆ ಎಡಬಾಗಿಲು ದೀಪದಂತೆ ಬೆಳಗಿತು!

ಮುಖ್ಯ ವಿನ್ಯಾಸಗಾರ್ತಿ ಸಭೆ ಕರೆದರು. ತಲೆ ನರೆತ, ಕಡಿಮೆ ಮಾತಿನ ಹೆಂಗಸು. ಎಲ್ಲರಿಗೂ ಅವರು 'ದೊಡ್ಡಮ್ಮ'.

"ತಪ್ಪು ಲೇಪನದ್ದಾ, ರೇಡಾರ್ ಅಳತೆಯದ್ದಾ?"

ಕೋಣೆ ತುಂಬ ಜನ. ಅವಳು ತನ್ನ ಸಹಿಯಿದ್ದ ಹಾಳೆಯನ್ನು ನೋಡಿದಳು. ಹೇಳಿಬಿಡು... ಈಗಲೇ ಹೇಳಿಬಿಡು...

"ಲೇಪನ ಸರಿಯಿದೆ" ಅಂದಳು. "ನಾನೇ ಕೈಯಾರೆ ಅಳೆದಿದ್ದೀನಿ."

ತಕ್ಕಡಿ ಒಂದು ಕ್ಷಣ ಅವಳನ್ನು ನೋಡಿದ. ನಂತರ ತಲೆ ತಗ್ಗಿಸಿ ಹೇಳಿದ, "ಹಾಗಾದ್ರೆ ನನ್ನ ಯಂತ್ರದ್ದೇ ಇರಬೇಕು."

ಯಂತ್ರದ ದೋಷ ಹುಡುಕಲೆಂದು ಮರುದಿನವೇ ಅವನನ್ನೂ ಅವನ ಯಂತ್ರವನ್ನೂ ದೂರದ ಬಯಲು ಪರೀಕ್ಷಾ ಕೇಂದ್ರಕ್ಕೆ ಕಳಿಸಿದರು. ಹೋಗುವಾಗ ಅವನು ಅವಳ ಮೇಜಿನ ಹತ್ತಿರ ಬರಲಿಲ್ಲ.

ಹೊಸ ಬ್ಯಾಟರಿ ಹಾಕಿ, ಯಾರೂ ಇಲ್ಲದಾಗ ಅವಳು ಆ ಅಂಚನ್ನು ಅಳೆದಳು. ಇರಬೇಕಾದ ದಪ್ಪದ ಅರ್ಧವೂ ಇರಲಿಲ್ಲ.

ವಿಮಾನದಡಿ ನೆಲದ ಮೇಲೆ ಕುಸಿದು ಕೂತಳು. 'ಅವನಿಗೆ ಗೊತ್ತು. ಗೊತ್ತಿದ್ದೇ ಸುಮ್ಮನಾದ. ನನ್ನನ್ನ ನೋಡೋಕೂ ಅಸಹ್ಯ ಅವನಿಗೆ...'

ಹೇಳಬೇಕೆಂದು ದಿನವೂ ಹೊರಡುತ್ತಿದ್ದಳು. ದೊಡ್ಡಮ್ಮನ ಬಾಗಿಲ ತನಕ ಹೋಗಿ ವಾಪಸಾಗುತ್ತಿದ್ದಳು. ಮನೆಯಲ್ಲಿ ಅಮ್ಮ ಸೋದರತ್ತೆಯ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು, "ನಮ್ಮ ಹುಡುಗಿ ಕೆಲಸದಲ್ಲಿ ಒಂದು ಹುಳುಕು ತೋರ್ಸಿ ನೋಡೋಣ!" ಮಗಳು ಅರ್ಧ ಊಟಕ್ಕೇ ತಟ್ಟೆ ಬಿಟ್ಟು ಏಳುತ್ತಿದ್ದಳು. ಕನ್ನಡಿಯಲ್ಲಿ ತನ್ನ ಕಣ್ಣನ್ನು ತಾನೇ ತಪ್ಪಿಸಿಕೊಳ್ಳುತ್ತಿದ್ದಳು.

ಆರನೆಯ ವಾರ ಪೈಲಟ್ ಬಂದ. ಮೊದಲ ಹಾರಾಟಕ್ಕೆ ಇನ್ನು ಹದಿನೈದೇ ದಿನ. ಅವನು ಎಡಬಾಗಿಲನ್ನು ತಟ್ಟಿ ನಕ್ಕ.

"ಕಾಣಲ್ಲ ಅಂತ ಬಣ್ಣದ ಮೇಡಂ ಹೇಳಿದ ಮೇಲೆ ಮುಗೀತು. ನಾನು ನಿಶ್ಚಿಂತೆಯಿಂದ ಹೋಗ್ತೀನಿ. ನಾಳೆ ಯುದ್ಧ ಬಂದ್ರೂ ಅಷ್ಟೇ."

ಅವಳೊಳಗೆ ಏನೋ ಮುರಿಯಿತು.

"ನಿಲ್ಲಿ!" ಅಂದಳು. "ದೊಡ್ಡಮ್ಮನ್ನ ಕರೀರಿ. ಎಲ್ಲರನ್ನೂ ಕರೀರಿ."

ಎಲ್ಲರೂ ಬಂದರು. ನಿಂತಲ್ಲೇ ಹೇಳಿದಳು. ಸತ್ತ ಬ್ಯಾಟರಿ, ಕದ್ದು ಬರೆದ ಅಂಕಿ, ಸಭೆಯಲ್ಲಿ ಆಡಿದ ಸುಳ್ಳು. "ತಕ್ಕಡಿಯ ಅಳತೆ ಸರಿಯಾಗಿತ್ತು... ನಾನೇ..." ಎಡಬಾಗಿಲಿನ ಆ ಅಂಚಿನ ಮೇಲೆ ಬೆರಳಿಟ್ಟು ತೋರಿಸಿದಳು.

ಯಾರೂ ಬೈಯಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. ಪೈಲಟ್ ಬಾಗಿಲ ಮೇಲಿಂದ ಕೈ ತೆಗೆದ, ಅಷ್ಟೇ.

"ಮುಖ್ಯಸ್ಥೆ ಸ್ಥಾನ ಬಿಡು" ಅಂದರು ದೊಡ್ಡಮ್ಮ. "ಆ ಅಂಚನ್ನ ಕೆರೆದು ನೀನೇ ಹೊಸದಾಗಿ ಬಳಿ. ಅಳೆಯೋಕೆ ಅವನೇ ಬರ್ತಾನೆ."

ಹತ್ತು ದಿನ ಮಂಡಿಯೂರಿ ಕೆರೆದಳು, ಬಳಿದಳು.

ಹನ್ನೊಂದನೆಯ ದಿನ ಬೆಳಗ್ಗೆ ಅವನು ಬಂದ. ಕಣ್ಣ ಕೆಳಗೆ ಕಪ್ಪಾಗಿತ್ತು, ಸೊರಗಿದ್ದ. ನೇರವಾಗಿ ಯಂತ್ರದ ಬಳಿ ಹೋಗಿ ಪರೀಕ್ಷೆ ಮುಗಿಸಿದ. ಪರದೆ ಪೂರ್ತಿ ಕಪ್ಪಾಗಿಯೇ ಇತ್ತು. ಉಳಿದವರು ಚಪ್ಪಾಳೆ ತಟ್ಟಿ ಹೊರಗೆ ಹೋದರು.

"ನಿಂಗೆ ಗೊತ್ತಿತ್ತು ಅಲ್ವಾ?" ಅವಳು ನೆಲ ನೋಡುತ್ತ ಕೇಳಿದಳು. "ಗೊತ್ತಿದ್ದೂ ನನ್ನ ಉಳಿಸೋಕೆ ಸುಮ್ನಿದ್ದೆ..."

"ಇಲ್ಲ."

ಅವಳು ತಲೆಯೆತ್ತಿದಳು.

"ನೀನು ಅಳೆದಿದ್ದೀನಿ ಅಂದೆ. ನಂಬಿದೆ" ಅಂದ ಅವನು. "ತಪ್ಪು ನಂದೇ ಅಂದ್ಕೊಂಡೆ. ಯಾವ ಮುಖ ಇಟ್ಕೊಂಡು ನಿನ್ನ ಮೇಜಿನ ಹತ್ರ ಬರಲಿ? ಆರು ವಾರದಲ್ಲಿ ಆ ಯಂತ್ರನ ನಾಲ್ಕು ಸಲ ಬಿಚ್ಚಿ ಜೋಡಿಸ್ದೆ. ಒಂದೊಂದು ತಂತಿ ನೋಡ್ದೆ. ತಪ್ಪು ಸಿಗ್ಲೇ ಇಲ್ಲ. ಕೊನೆಗೆ... ನನ್ನ ತಲೆನೇ ಕೆಟ್ಟಿದೆ ಅನ್ಸಿತ್ತು."

ದೇವರೇ! ಅವನು ಅಸಹ್ಯಪಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಇವನು ನಂಬಿದ್ದ! ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ಬೈಯಿ ನನ್ನ. ದಮ್ಮಯ್ಯ, ಏನಾದ್ರೂ ಬೈಯಿ..."

"ಬೈಬೇಕು ಅಂತಾನೇ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಭ್ಯಾಸ ಮಾಡ್ಕೊಂಡು ಬಂದೆ."

"ಮತ್ತೆ?"

"ನಿನ್ನ ಮಂಡಿ ನೋಡ್ದೆ. ಚರ್ಮ ಕಿತ್ತು ಪ್ಯಾಂಟಿಗೆಲ್ಲ ರಕ್ತ ಅಂಟಿದೆ." ಅವನ ದನಿ ಒದ್ದೆಯಾಗಿತ್ತು. "ಕೋಪ ಇನ್ನೂ ಇದೆ. ಅದು ಇಳಿಯೋಕೆ ಸಮಯ ಬೇಕು. ಆದ್ರೆ ನೀನಿಲ್ಲದ ಕಡೆ ಕೂತು ಕೋಪ ಮಾಡ್ಕೊಳ್ಳೋದು ನನ್ನ ಕೈಲಾಗಲ್ಲ."

"ನಿನ್ನ ಪ್ರೀತಿಸ್ತೀನಿ ಅಂತ ಹೇಳೋ ಯೋಗ್ಯತೆನೂ ಉಳಿಸ್ಕೊಂಡಿಲ್ಲ ನಾನು."

"ಹೇಳೇಬಿಟ್ಟೆಯಲ್ಲ!"

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಮರುಕ್ಷಣವೇ ಮತ್ತೆ ತಲೆ ತಗ್ಗಿತು.

"ನಾಚಿಕೆ ಆಗ್ತಿದೆ ಕಣೋ... ನಿನ್ನ ಮುಖ ನೋಡೋಕಾಗ್ತಿಲ್ಲ."

ಅವನು ಗೋಡೆಗೊರಗಿ ನೆಲದ ಮೇಲೆ ಕೂತ. ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದ.

"ನೋಡ್ಬೇಡ. ಪಕ್ಕದಲ್ಲಿ ಕೂತ್ಕೋ. ಸದ್ಯಕ್ಕೆ ಅಷ್ಟು ಸಾಕು."

ಅವಳು ಕೂತಳು.