ಅಧಿಕ ವರ್ಷದ ಮೂರು ಬಾಗಿಲು

ಬಹಳ ಕಾಲದ ಹಿಂದೆ, ಏಳು ಕೆರೆಗಳ ನಡುವೆ ಹೊಂಬೆಟ್ಟ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರಿ ಮಂದಾರದೇವಿ ಕೂತಲ್ಲಿ ಕೂರುವವಳಲ್ಲ. ಊಟದ ನಡುವೆ ಎದ್ದುಬಿಡುವಳು, ಮಾತಿನ ನಡುವೆ ಓಡಿಬಿಡುವಳು.

ಒಂದು ಬೆಳಿಗ್ಗೆ ಕೆಟ್ಟ ಸುದ್ದಿ ಬಂತು. ಅವಳ ತಮ್ಮ ವಿಜಯಾಂಕ, ಮಾಂತ್ರಿಕ ಕಾಲಭಕ್ಷನ ಕೋಟೆಯಲ್ಲಿ ಕಲ್ಲಾಗಿದ್ದ. ಆ ಕೋಟೆಗೆ ಮೂರು ಬಾಗಿಲು, ಬಾಗಿಲಿಗೊಂದು ಮಾಯಾಮೃಗ. ಮೃಗ ಒಂದು ವರ್ಷವನ್ನು ಹೆಸರಿಸಿ, ಅದು ಅಧಿಕ ವರ್ಷವೋ ಅಲ್ಲವೋ ಎಂದು ಕೇಳುವುದು. ತಪ್ಪು ಹೇಳಿದವರು ಕಲ್ಲಾಗುವರು. ಹೊತ್ತು ಮುಳುಗಿದೊಡನೆ ಅವರ ಆಯುಸ್ಸು ಮಾಂತ್ರಿಕನ ಹೊಟ್ಟೆ ಸೇರುವುದು. ಮೂರೂ ಬಾಗಿಲು ತೆರೆದರೆ ಮಾತ್ರ ಅವನ ಮಾಯೆ ಮುರಿಯುವುದು.

ಮಂದಾರದೇವಿ ಅರಮನೆಯ ಜೋಯಿಸರಾದ ಧರಣಯ್ಯನವರ ಬಳಿಗೆ ಓಡಿದಳು.

"ಬೇಗ ಹೇಳಿ, ಜೋಯಿಸರೇ! ಅಧಿಕ ವರ್ಷವನ್ನು ಗುರುತಿಸುವುದು ಹೇಗೆ?"

"ವರ್ಷವೆಂದರೆ ಮುನ್ನೂರ ಅರವತ್ತೈದು ದಿನ, ಮೇಲೆ ಸುಮಾರು ಕಾಲು ದಿನ, ತಾಯಿ. ಆ ಕಾಲುಗಳು ಕೂಡಿ ನಾಲ್ಕು ವರ್ಷಕ್ಕೊಂದು ದಿನವಾಗುತ್ತದೆ. ನಾಲ್ಕರಿಂದ ಭಾಗವಾಗುವ ವರ್ಷಕ್ಕೆ ಅದನ್ನು ಸೇರಿಸುತ್ತೇವೆ. ಆದರೆ ವರ್ಷದ ಮೇಲಿನದು ಪೂರ್ತಿ ಕಾಲು ದಿನವಲ್ಲ, ತುಸು ಕಡಿಮೆ. ಹಾಗೇ ಸೇರಿಸುತ್ತ ಹೋದರೆ ನಾನೂರು ವರ್ಷಕ್ಕೆ ಮೂರು ದಿನ ಹೆಚ್ಚಾಗಿಬಿಡುತ್ತದೆ. ಅದಕ್ಕೇ ನೂರರಿಂದ ಭಾಗವಾಗುವ ವರ್ಷಕ್ಕೆ ಸೇರಿಸುವುದಿಲ್ಲ. ಆದರೂ..."

"ತಿಳಿಯಿತು!" ಎಂದವಳೇ ಕುದುರೆ ಏರಿದಳು.

ಮೊದಲ ಬಾಗಿಲಲ್ಲಿ ಹೊಗೆಯ ಸಿಂಹ. "ಸಾವಿರದ ಇನ್ನೂರ ಇಪ್ಪತ್ತನಾಲ್ಕು?"

"ನಾಲ್ಕರಿಂದ ಭಾಗವಾಗುತ್ತದೆ. ಅಧಿಕ ವರ್ಷ!"

ಸಿಂಹ ಕರಗಿತು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಗಾಜಿನ ಸರ್ಪ. ಪಕ್ಕದಲ್ಲೇ ತಮ್ಮ, ಬಾಯಿ ಅರೆ ತೆರೆದ ಕಲ್ಲು. "ಸಾವಿರದ ಮುನ್ನೂರು?"

"ನಾಲ್ಕರಿಂದಲೂ ಭಾಗವಾಗುತ್ತದೆ, ನೂರರಿಂದಲೂ ಭಾಗವಾಗುತ್ತದೆ. ಅಧಿಕ ವರ್ಷ ಅಲ್ಲ!"

ಸರ್ಪ ಪುಡಿಯಾಯಿತು. ಬಾಗಿಲು ತೆರೆಯಿತು.

ಮೂರನೆಯ ಬಾಗಿಲಲ್ಲಿ ಬೆಂಕಿರೆಕ್ಕೆಯ ಗಿಡುಗ. "ಸಾವಿರದ ಆರುನೂರು?"

'ಅಲ್ಲ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಜೋಯಿಸರ 'ಆದರೂ' ಎದೆಗೆ ಚುಚ್ಚಿತು. ಅಯ್ಯೋ, ಪೂರ್ತಿ ಕೇಳಿಸಿಕೊಳ್ಳಲಿಲ್ಲವಲ್ಲ! ಸೂರ್ಯ ಆಗಲೇ ಮರಗಳ ತುದಿಗೆ ಇಳಿದಿದ್ದ. ಕಾಲು ಓಡು ಓಡು ಎಂದಿತು. ಅವಳು ಹಟ ಹಿಡಿದು ನೆಲದ ಮೇಲೆ ಕೂತಳು. ಕಣ್ಣು ಮುಚ್ಚಿದಳು.

"ನಾನೂರು ವರ್ಷಕ್ಕೆ ಹೆಚ್ಚಾಗುವುದು ಮೂರೇ ದಿನ. ಆದರೆ ಅಷ್ಟರೊಳಗೆ ನೂರರ ವರ್ಷ ನಾಲ್ಕು ಬರುತ್ತವೆ. ನಾಲ್ಕರಲ್ಲೂ ಬಿಟ್ಟರೆ ಒಂದು ದಿನ ಕಡಿಮೆ ಬೀಳುತ್ತದೆ. ಒಂದರಲ್ಲಿ ಉಳಿಸಲೇಬೇಕು. ಉಳಿಸುವುದು ನಾನೂರರಿಂದ ಭಾಗವಾಗುವ ವರ್ಷದಲ್ಲಿ!" ಅವಳು ಎದ್ದು ನಿಂತಳು. "ಸಾವಿರದ ಆರುನೂರು ಅಧಿಕ ವರ್ಷ!"

ಗಿಡುಗ ಬೂದಿಯಾಯಿತು. ಬಾಗಿಲು ತೆರೆಯಿತು. ಎಳೆಯ ಮುಖದ ಕಾಲಭಕ್ಷ ಚೀರುತ್ತ ಹೊರಬಂದ. ಮೂರು ಹೆಜ್ಜೆ ಇಡುವಷ್ಟರಲ್ಲಿ ಮುದುಕನಾದ, ನಾಲ್ಕನೆಯದಕ್ಕೆ ಮಣ್ಣಾದ. ಅವನು ತಿಂದಿದ್ದ ಆಯುಸ್ಸೆಲ್ಲ ಬಿಳಿಹಕ್ಕಿಗಳಾಗಿ ಹಾರಿ, ಕಲ್ಲಾದವರ ಎದೆಯೊಳಗೆ ಹೊಕ್ಕಿತು.

ವಿಜಯಾಂಕ ಕಣ್ಣುಜ್ಜಿಕೊಂಡ. "ಅಕ್ಕಾ, ನಾನು ಸರಿಯಾಗೇ ಹೇಳಿದ್ದೆನಲ್ಲ?"

"ಇಲ್ಲ ಕಣೋ," ಎಂದು ಅವಳು ಅವನನ್ನು ಅಪ್ಪಿಕೊಂಡು ಅತ್ತಳು. "ನಡಿ, ಅಮ್ಮ ಬೆಳಗಿನಿಂದ ನೀರೂ ಮುಟ್ಟಿಲ್ಲ."

ಅಂದಿನಿಂದ ಹೊಂಬೆಟ್ಟದ ಜನ ತಮ್ಮ ಬಾಳಿನ ಒಂದು ದಿನವನ್ನೂ ಯಾವ ಮಾಂತ್ರಿಕನಿಗೂ ಬಿಟ್ಟುಕೊಡದೆ, ಮಕ್ಕಳು ಮೊಮ್ಮಕ್ಕಳೊಂದಿಗೆ ನೂರ್ಕಾಲ ಸುಖವಾಗಿದ್ದರು.